ಐವತ್ತು ಕಿಲೋಮೀಟರ್ ಸಾಕಾಗುವ ದಿನಗಳು

ನಮ್ಮ ಕಡೆ ಎಸ್ಟೇಟ್ ಅಂದರೆ ಕಾಫಿ ತೋಟ. ಹಾಗಾಗಿ ಜರ್ಮನಿಯಲ್ಲಿರುವ ತಮ್ಮ ಫೋನ್ ಮಾಡಿ, "ಅಕ್ಕಾ, ಒಂದು ಎಸ್ಟೇಟ್ ತಗೊಂಡೆ ಮಾರಾಯ್ತಿ" ಎಂದಾಗ ಪಕ್ಕದಲ್ಲಿದ್ದ ಅಮ್ಮ, "ಅಲ್ಲೂ ಕಾಫಿ ಬೆಳೀತಾರಾ?" ಎಂದು ಕೇಳಿದಳು. ಅವನು ತಗೊಂಡಿದ್ದು ಕಾರು. ಸೆಕೆಂಡ್ ಹ್ಯಾಂಡ್ ಕಿಯಾ ಸೀಡ್ ಸ್ಪೋರ್ಟ್ಸ್‌ವ್ಯಾಗನ್, ಅದರಲ್ಲೂ ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲಿನಲ್ಲೂ ಗೋಡೆಯ ಸಾಕೆಟ್ಟಿನಿಂದ ತುಂಬಿದ ಬ್ಯಾಟರಿಯಲ್ಲೂ ಓಡುವಂಥದ್ದು.

ನಾವು ಹಿಂದೆ ಸ್ಟೇಷನ್ ವ್ಯಾಗನ್ ಅನ್ನುತ್ತಿದ್ದೆವಲ್ಲ, ಅದೇ ಎಸ್ಟೇಟ್ ಕಾರು. ಮುಂದಿನಿಂದ ನೋಡಿದರೆ ಮಾಮೂಲಿ ಕಾರು. ಹಿಂದೆ ಮಾತ್ರ ಚಾವಣಿ ಇಳಿಯದೆ ಕೊನೆಯವರೆಗೂ ಹೋಗುತ್ತದೆ. ಡಿಕ್ಕಿ ಅಂದರೆ ಒಂದು ಸಣ್ಣ ಕೋಣೆಯೇ. ನಮ್ಮ ದೇಶದಲ್ಲಿ 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ ಬಂದವು. 2004ರಲ್ಲಿ ಟಾಟಾ ಇಂಡಿಗೊ ಮರೀನಾ ಬಂತು. ಯಾವುದೂ ಬಹಳ ದಿನ ನಿಲ್ಲಲಿಲ್ಲ. ಜನ ಎತ್ತರದ ಗಾಡಿಯ ಕಡೆ ತಿರುಗಿದರು.

ನಮ್ಮ ಮನೆಯಲ್ಲಿ ಮರೀನಾ ಇತ್ತು. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ 12 ಕಿಲೋಮೀಟರ್ ಬಂದು, ಅಲ್ಲಿಂದ 2 ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಒಳಗೆ ಹೋದರೆ ನಮ್ಮ ಮನೆ. ಆ ಗಾಡಿಯಲ್ಲಿ ಹೋಗದ ಸಾಮಾನಿಲ್ಲ. ಅಡಿಕೆ ಚೀಲ, ಗೊಬ್ಬರ, ಮೈಲುತುತ್ತ, ಹಿಂಡಿ, ಮದುವೆ ಮನೆಗೆ ಬಾಳೆ ಎಲೆ ಕಟ್ಟು. ಡಿಕ್ಕಿಯ ಅಂಚು ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು. ಇಬ್ಬರು ಚೀಲದ ಎರಡು ತುದಿ ಹಿಡಿದು ಒಂದು ಸಲ ತೂಗಿದರೆ ಸಾಕು, ಒಳಗೆ ಹೋಗಿ ಕೂತಿರುತ್ತಿತ್ತು. ಈಗಿನ ಎಸ್‌ಯುವಿಗಳಿಗೆ ಅದೇ ಚೀಲವನ್ನು ಸೊಂಟದ ಮಟ್ಟಕ್ಕೆ ಎತ್ತಬೇಕು. ಅರವತ್ತು ದಾಟಿದ ಅಪ್ಪಯ್ಯನ ಸೊಂಟಕ್ಕೆ ಅದು ಸಣ್ಣ ವ್ಯತ್ಯಾಸ ಅಲ್ಲ. ಕಾರಿನ ಬಗ್ಗೆ ಬರೆಯುವವರು ಪಿಕಪ್ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಡಿಕ್ಕಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಯಾಕೆ ಬರೆಯುವುದಿಲ್ಲ?

ಅಡಿಕೆ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಒಂದು ತಿಂಗಳು ತಮ್ಮನ ಮನೆಗೆ ಹೋಗಿದ್ದೆ. ಮೊದಲ ದಿನ ಸಂಜೆಯೇ ಆ ಕಾರು ನನ್ನನ್ನು ಹಿಡಿದು ನಿಲ್ಲಿಸಿತು. ತಮ್ಮ ಗಾಡಿಯನ್ನು ಶೆಡ್ಡಿಗೆ ಹಾಕಿದ. ಗೋಡೆಯ ಮೊಳೆಗೆ ಸುತ್ತಿ ಹಾಕಿದ್ದ ಕಪ್ಪು ಕೇಬಲ್ ತೆಗೆದ. ಒಂದು ತುದಿ ಗೋಡೆಯ ಸಾಕೆಟ್‌ನಲ್ಲಿ ಮೊದಲೇ ಇತ್ತು. ಇನ್ನೊಂದು ತುದಿಯನ್ನು ಎಡಗಡೆ ಮುಂಚಕ್ರದ ಮೇಲಿದ್ದ ಮುಚ್ಚಳ ತೆಗೆದು ಒಳಗೆ ಒತ್ತಿದ. ಟಕ್ ಅಂತ ಒಂದು ಸದ್ದು. ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ದೀಪ ಹತ್ತಿತು. ಅಷ್ಟೇ, ಒಳಗೆ ಬಂದು ಕೈ ತೊಳೆದುಕೊಂಡ. ಸಂಜೆ ದನ ಕಟ್ಟಿ ಹುಲ್ಲು ಹಾಕಿ ಬಂದ ಹಾಗೆ ಕಾಣಿಸಿತು ನನಗೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ತಪ್ಪಿದರೆ ಈ ಕಾರಿಗೆ ಅರ್ಥವೇ ಇಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು.

ಅದರ ಹೊಟ್ಟೆಯೊಳಗೆ ಏನಿದೆ ಅಂತ ಸ್ವಲ್ಪ ಹೇಳಬೇಕು. 1.6 ಲೀಟರಿನ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ. ಅದರ ಜೊತೆ 44.5 ಕಿಲೋವ್ಯಾಟ್‌ನ ಒಂದು ಮೋಟಾರ್, ಅಂದರೆ ಸುಮಾರು 60 ಅಶ್ವಶಕ್ತಿ. ಎರಡೂ ಸೇರಿದರೆ 165 ಆಗಬೇಕಿತ್ತಲ್ಲ, ಕಂಪನಿಯವರು 141 ಅಂತ ಕೊಡುತ್ತಾರೆ. ಕಾರಣ ಇಷ್ಟೇ: ಮೋಟಾರಿನ ಜೋರು ಶುರುವಿನಲ್ಲಿ, ಎಂಜಿನ್ನಿನ ಜೋರು ಮೇಲಿನ ಆರ್‌ಪಿಎಂನಲ್ಲಿ. ಎರಡರ ತುದಿಯೂ ಒಂದೇ ಕ್ಷಣಕ್ಕೆ ಸಿಗುವುದಿಲ್ಲ. ಮೋಟಾರ್ ಕೂತಿರುವುದು ಎಂಜಿನ್ ಮತ್ತು ತಾನೇ ಗೇರ್ ಬದಲಿಸುವ ಆರು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ನಡುವೆ. ಹಾಗಾಗಿ ಬರೀ ಕರೆಂಟಿನಲ್ಲಿ ಓಡುವಾಗಲೂ ಗೇರ್ ಬದಲಾಗುವುದು ಮೆಲ್ಲಗೆ ಗೊತ್ತಾಗುತ್ತದೆ. ಸದ್ದಿಲ್ಲದ ಗಾಡಿಯಲ್ಲಿ ಗೇರ್ ಬೀಳುವುದು ಮೊದಲ ದಿನ ವಿಚಿತ್ರ ಅನಿಸಿತು, ಮೂರನೇ ದಿನ ಇಷ್ಟವಾಯಿತು.

ಬ್ಯಾಟರಿ 8.9 ಕಿಲೋವ್ಯಾಟ್ ಅವರ್. ಕಿಲೋವ್ಯಾಟ್ ಅವರ್ ಅಂದರೆ ಬೇರೇನಲ್ಲ, ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್. ಒಂಬತ್ತು ಯೂನಿಟ್ ಹಿಡಿಯುವ ಡಬ್ಬಿ ಅಂದುಕೊಳ್ಳಿ. ತುಂಬಿದ ಡಬ್ಬಿಯಲ್ಲಿ ಸುಮಾರು 50 ಕಿಲೋಮೀಟರ್ ಹೋಗುತ್ತದೆ. ಸರಿಯಾದ ಚಾರ್ಜರ್ ಇದ್ದರೆ ಎರಡೂಕಾಲು ಗಂಟೆಯಲ್ಲಿ ತುಂಬುತ್ತದೆ, ಮನೆಯ ಸಾಕೆಟ್‌ನಲ್ಲಿ ನಾಲ್ಕೈದು ಗಂಟೆ. ನಮ್ಮಲ್ಲಿ ಓಡಾಡುವ ಮಾರುತಿ ಗ್ರ್ಯಾಂಡ್ ವಿಟಾರ, ಟೊಯೋಟಾ ಹೈರೈಡರ್‌ಗಳ ಹೈಬ್ರಿಡ್‌ನಲ್ಲಿ ಬ್ಯಾಟರಿ ಒಂದು ಯೂನಿಟ್‌ಗೂ ಕಡಿಮೆ. ಅವಕ್ಕೆ ಪ್ಲಗ್ ಇಲ್ಲ, ಅವುಗಳ ಕರೆಂಟೆಲ್ಲ ಕೊನೆಗೆ ಪೆಟ್ರೋಲಿನಿಂದಲೇ ಬರಬೇಕು. ಪ್ಲಗ್-ಇನ್ ಹೈಬ್ರಿಡ್ ಅನ್ನುವ ಹೆಸರಿನ ಗುಟ್ಟು ಇಷ್ಟೇ: ಊರಿನ ತಂತಿಯಿಂದ ಕರೆಂಟ್ ಕುಡಿಯಬಲ್ಲದು, ಕರೆಂಟ್ ಇಲ್ಲದಿದ್ದರೂ ನಿಲ್ಲದು.

ಈ ಜಾತಿಯಲ್ಲಿ ಇದು ಮೊದಲ ಮೆಟ್ಟಿಲಿನ ಗಾಡಿ. ಇದಕ್ಕಿಂತ ಮೇಲೆ ಆಕ್ಟೇವಿಯಾ ಕಾಂಬಿಯ ಪ್ಲಗ್-ಇನ್ ಮಾದರಿ ಇತ್ತು, 13 ಯೂನಿಟ್ ಬ್ಯಾಟರಿ, 204 ಅಶ್ವಶಕ್ತಿ. 2025ರಲ್ಲಿ ಯುರೋಪಿಗೆ ಬಂದ ಬಿವೈಡಿ ಸೀಲ್ 6 ಟೂರಿಂಗ್‌ನಲ್ಲಿ ಕೆಳಗಿನ ಮಾದರಿಗೇ 10 ಯೂನಿಟ್, ಮೇಲಿನದಕ್ಕೆ 19. ಓದುತ್ತಾ ಹೋದರೆ ದೊಡ್ಡದೇ ಬೇಕು ಅನಿಸುತ್ತದೆ. ನನಗೆ ಮಾತ್ರ ಈ ಸಣ್ಣ ಡಬ್ಬಿಯ ಲೆಕ್ಕವೇ ಹಿಡಿಸಿತು. ದಿನದ ಓಡಾಟ ಎಷ್ಟೋ ಅಷ್ಟೇ ಬ್ಯಾಟರಿ ಹೊರುವುದು. ಸಂತೆಗೆ ಹೋಗಲು ಲಾರಿ ಬೇಡವಲ್ಲ.

ಕೊರತೆಗಳನ್ನೂ ಹೇಳಬೇಕು. ಬೆಳಿಗ್ಗೆ ಎರಡು ಮೂರು ಡಿಗ್ರಿ ಚಳಿ. ಹೀಟರ್ ಹಾಕಿದ ಕೂಡಲೇ ಎಂಜಿನ್ ಎದ್ದುಬಿಡುತ್ತಿತ್ತು. ಈ ಕಾರಿನಲ್ಲಿ ಒಳಗಿನ ಬಿಸಿ ಎಂಜಿನ್ನಿನಿಂದಲೇ ಬರಬೇಕು. ಬ್ಯಾಟರಿ ತುಂಬಿದ್ದರೂ ಪೆಟ್ರೋಲ್ ಉರಿಯುತ್ತದೆ. ತಮ್ಮ ಅದಕ್ಕೆ ಜಾಕೆಟ್ ಹಾಕಿಕೊಂಡೇ ಓಡಿಸುತ್ತಿದ್ದ. ಇನ್ನೊಂದು, ಡಿಕ್ಕಿ. ಬರೀ ಪೆಟ್ರೋಲಿನ ಸೀಡ್ ಸ್ಪೋರ್ಟ್ಸ್‌ವ್ಯಾಗನ್‌ಗೆ 625 ಲೀಟರ್ ಜಾಗ. ಪ್ಲಗ್-ಇನ್‌ಗೆ 437. ಬ್ಯಾಟರಿ ಬಂದು ಕೂತಿದ್ದಕ್ಕೆ ಸುಮಾರು 190 ಲೀಟರ್ ಹೋಯಿತು. ಎಸ್ಟೇಟ್ ಕೊಳ್ಳುವುದೇ ಡಿಕ್ಕಿಗೆ, ಅಲ್ವಾ? ಅದರ ಮೂರರಲ್ಲೊಂದು ಪಾಲನ್ನು ಬ್ಯಾಟರಿಗೆ ಬಿಟ್ಟುಕೊಡಬೇಕು ಅಂದರೆ ನನಗೆ ಸಂಕಟವೇ ಆಯಿತು. ಆದರೂ ಹಿಂದಿನ ಸೀಟು ಮಡಚಿದರೆ ಉದ್ದಕ್ಕೆ ಜಾಗ ಇದ್ದೇ ಇದೆ. ಆ ಉದ್ದದ ಬೆಲೆ ಏನು ಅಂತ ನಮ್ಮ ಮನೆಯವರಿಗೆ ಗೊತ್ತು.

ಊರಿಗೆ ವಾಪಸ್ ಬಂದ ಮೇಲೆ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಜುಲೈ ತಿಂಗಳಿಡೀ ನಮ್ಮ ಸಣ್ಣ ಪೆಟ್ರೋಲ್ ಕಾರಿನ ಓಡಾಟ ಬರೆದಿಟ್ಟೆ. 31 ದಿನದಲ್ಲಿ 9 ದಿನ ಗಾಡಿ ಅಂಗಳ ಬಿಡಲಿಲ್ಲ, ಜಡಿಮಳೆ. 18 ದಿನ ತೀರ್ಥಹಳ್ಳಿಗೋ ಅಕ್ಕಪಕ್ಕದ ಊರಿಗೋ ಹೋಗಿಬಂದಿದ್ದು. ಯಾವ ದಿನವೂ 40 ಕಿಲೋಮೀಟರ್ ದಾಟಿರಲಿಲ್ಲ. ಉಳಿದ 4 ದಿನ ದೂರ: ಮೂರು ಸಲ ಶಿವಮೊಗ್ಗ, ಒಂದು ಸಲ ಉಡುಪಿ. ಹಾಳೆ ನೋಡುತ್ತಾ ಕೂತಾಗ ಅನಿಸಿತು, ನಮ್ಮ ಬದುಕೇ ಪ್ಲಗ್-ಇನ್ ಹೈಬ್ರಿಡ್ ಥರ ಇದೆಯಲ್ಲ ಅಂತ. ದಿನಾ ಹತ್ತಿರದ ಓಡಾಟ, ಆಗೊಮ್ಮೆ ಈಗೊಮ್ಮೆ ದೂರ. ಆ ದೂರ ಬಂದಾಗ ಬೇಡ ಅನ್ನಲು ಆಗುವುದಿಲ್ಲ.

ಅಂಥ ಒಂದು ದೂರದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿಗೆ ಉಸಿರು ಕಟ್ಟುತ್ತಿತ್ತು. ಆಷಾಢದ ಮಳೆ. ಕರೆಂಟ್ ಹೋಗಿ ಎರಡು ದಿನವಾಗಿತ್ತು, ಎಲ್ಲೋ ಮರ ಬಿದ್ದು ಲೈನ್ ಕಡಿದಿತ್ತು. ಮರೀನಾದ ಹಿಂದಿನ ಸೀಟು ಮಡಚಿ, ಹಾಸಿಗೆ ಹಾಸಿ, ಅಜ್ಜಿಯನ್ನು ಮಲಗಿಸಿದೆವು. ನಾನು ತಲೆಯ ಹತ್ತಿರ ಕೂತೆ. ಅಪ್ಪಯ್ಯ ಮಣಿಪಾಲದ ಕಡೆ ಹೊರಟರು. ಆಗುಂಬೆ ದಾಟಿ ಘಾಟಿ ಇಳಿಯಲು ಶುರು. 14 ಹೇರ್‌ಪಿನ್ ತಿರುವು. ಮಂಜಿನಲ್ಲಿ ಬಾನೆಟ್ ತುದಿಯಾಚೆ ಏನೂ ಕಾಣದು. ಎರಡನೇ ಗೇರಿನಲ್ಲೇ ಇಳಿಸಿದರೂ ಅರ್ಧ ದಾರಿಗೆ ಬ್ರೇಕಿನ ಸುಟ್ಟ ವಾಸನೆ ಒಳಗೆ ಬಂತು. ಅಜ್ಜಿ ಮೆಲ್ಲಗೆ "ಎಂತದೋ ಸುಡ್ತಾ ಇದೆ" ಅಂದರು. ಆ ವಾಸನೆ ಮತ್ತು ಅಜ್ಜಿಯ ಆ ಮಾತು ನನ್ನ ತಲೆಯಲ್ಲಿ ಒಟ್ಟಿಗೇ ಉಳಿದುಬಿಟ್ಟಿವೆ. ಅಜ್ಜಿ ಹದಿನೈದು ದಿನ ಬಿಟ್ಟು ಮನೆಗೆ ಬಂದರು. ಆಮೇಲೂ ಮೂರು ವರ್ಷ ಇದ್ದರು.

ಅವತ್ತು ಸುಡುತ್ತಿದ್ದಿದ್ದು ಏನು ಅಂತ ಈಗ ಲೆಕ್ಕ ಹಾಕಬಲ್ಲೆ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಘಾಟಿಯ ಬುಡದ ಸೋಮೇಶ್ವರ ಮುಟ್ಟುವಷ್ಟರಲ್ಲಿ 500 ಮೀಟರಿಗೂ ಜಾಸ್ತಿ ಇಳಿದಿರುತ್ತೇವೆ. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಗಾಡಿ 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಹತ್ತಿರ ಹತ್ತಿರ ಎರಡೂವರೆ ಯೂನಿಟ್. ಮಾಮೂಲಿ ಕಾರಿನಲ್ಲಿ ಅದೆಲ್ಲ ಬ್ರೇಕು, ಎಂಜಿನ್, ಗಾಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಪ್ಲಗ್-ಇನ್‌ನಲ್ಲಿ ಕಾಲು ತೆಗೆದರೆ, ಇಲ್ಲವೇ ಬ್ರೇಕನ್ನು ಮೆಲ್ಲಗೆ ಒತ್ತಿದರೆ, ಅದೇ ಮೋಟಾರ್ ಡೈನಮೋ ಆಗುತ್ತದೆ. ಚಕ್ರ ಅದನ್ನು ತಿರುಗಿಸುತ್ತದೆ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುತ್ತದೆ, ಗಾಡಿಯ ವೇಗ ತಗ್ಗುತ್ತದೆ. ಅರ್ಧದಷ್ಟೇ ಉಳಿದರೂ ಒಂದು ಯೂನಿಟ್‌ಗೆ ಮೇಲೆ. ಸೋಮೇಶ್ವರದಿಂದ ಮುಂದೆ ಆರು ಕಿಲೋಮೀಟರ್ ಆ ಬೆಟ್ಟದ ಲೆಕ್ಕದಲ್ಲೇ ಹೋಗಬಹುದು. ಅದಕ್ಕಿಂತ ಮುಖ್ಯ, ಬ್ರೇಕ್ ತಣ್ಣಗಿರುತ್ತದೆ.

ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಜೋಗದಲ್ಲಿ 1948ರಿಂದ ಬೀಳುವ ನೀರಿನಿಂದ ಕರೆಂಟ್ ತೆಗೆಯುತ್ತಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯಲ್ಲಿ ಊರುಗಳೇ ಮುಳುಗಿದವು. ಅಜ್ಜಿಯ ತವರೂ ಆ ನೀರಿನ ಕೆಳಗೇ ಇದೆ. ಎತ್ತರದಿಂದ ಬೀಳುವ ಯಾವುದಕ್ಕೂ ಒಂದು ಬೆಲೆ ಇದೆ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಬಯಲುಸೀಮೆಯವರಿಗೆ ಅದು ಯಾವತ್ತೂ ತಲೆಗೆ ಬಾರದು. ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸ್ ಬರುವ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ಗಾಡಿ ಮತ್ತೆ ಬ್ರೇಕು, ಎಂಜಿನ್ನಿನ ಹಿಡಿತವನ್ನೇ ನಂಬಬೇಕು. ಆಗುಂಬೆ ಪೇಟೆಯಲ್ಲೇ ಮನೆಯಿದ್ದು, ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ನೇರ ಘಾಟಿಗೆ ಇಳಿದರೆ ಈ ಉಪಾಯದಿಂದ ಏನೂ ಸಿಗುವುದಿಲ್ಲ. ನಮ್ಮ ಮನೆಯಿಂದ ಆಗುಂಬೆಗೆ ಸುಮಾರು 20 ಕಿಲೋಮೀಟರ್. ಅಷ್ಟು ಹೋಗುವುದರೊಳಗೆ ಮೂರೂವರೆ ಯೂನಿಟ್ ಖಾಲಿಯಾಗಿರುತ್ತದೆ. ಘಾಟಿಯ ಕರೆಂಟ್ ತುಂಬಿಕೊಳ್ಳಲು ಧಾರಾಳ ಜಾಗ.

ವಾಪಸ್ ಬರುವಾಗ ಇದರ ತಿರುವುಮುರುವು. ಸೋಮೇಶ್ವರಕ್ಕೆ ಬರುವಾಗ ಬ್ಯಾಟರಿ ಬರಿದಾಗಿದ್ದರೆ, ಒಂದೂವರೆ ಟನ್ ದಾಟಿದ ಗಾಡಿಯನ್ನು ಮೇಲೆತ್ತುವ ಕೆಲಸ ಹೆಚ್ಚುಕಡಿಮೆ 105 ಅಶ್ವಶಕ್ತಿಯ ಎಂಜಿನ್ ಒಂದರ ಮೇಲೇ ಬೀಳುತ್ತದೆ. ಅದು ಕೂಗುತ್ತದೆ. ಅದಕ್ಕೇ ಉಡುಪಿ ಬಿಡುವಾಗಲೇ ಹೈಬ್ರಿಡ್ ಬಟನ್ ಒತ್ತಿ, ಸಮತಟ್ಟು ರಸ್ತೆಯಲ್ಲಿ ಪೆಟ್ರೋಲ್ ಬಳಸಿ, ಮೂರು ನಾಲ್ಕು ಯೂನಿಟ್ ಘಾಟಿಗೆ ಅಂತ ಉಳಿಸಿಕೊಳ್ಳಬೇಕು. ಇಳಿಯುವಾಗ ಹೊಟ್ಟೆಯಲ್ಲಿ ಜಾಗ ಇರಲಿ, ಹತ್ತುವಾಗ ಬುತ್ತಿ ಇರಲಿ. ತಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದರೆ, "ಇಷ್ಟು ವರ್ಷದಲ್ಲಿ ನಾನು ಇದನ್ನ ಯೋಚನೆನೇ ಮಾಡಿಲ್ಲ ಅಕ್ಕಾ" ಅಂದ. ಅವನ ಊರಿನಲ್ಲಿ ಘಾಟಿ ಇಲ್ಲ.

ದುಡ್ಡಿನ ಮಾತು. ಖಾಲಿ ಬ್ಯಾಟರಿ ತುಂಬಲು, ನಷ್ಟ ಸೇರಿ, ಗೋಡೆಯಿಂದ ಸುಮಾರು 10 ಯೂನಿಟ್ ಬೇಕು. ಯೂನಿಟ್‌ಗೆ ಹತ್ತಿರ ಹತ್ತಿರ 6 ರೂಪಾಯಿ ಹಿಡಿದರೆ 60 ರೂಪಾಯಿ. ಅದೇ ದೂರಕ್ಕೆ ನಮ್ಮ ಏರಿಳಿತದ ರಸ್ತೆಯಲ್ಲಿ ಲೀಟರಿಗೆ 15 ಕೊಡುವ ಕಾರಿಗೆ 3 ಲೀಟರಿಗೂ ಮೇಲೆ ಪೆಟ್ರೋಲ್, 300 ರೂಪಾಯಿಗೆ ಮೇಲೆ. ಗೃಹಜ್ಯೋತಿಯ ಲೆಕ್ಕ ಮಾತ್ರ ಮರೆಯಬಾರದು. ಜುಲೈನಂಥ ಓಡಾಟಕ್ಕೆ ತಿಂಗಳಿಗೆ ನೂರು ಯೂನಿಟ್‌ಗೂ ಮೇಲೆ ಕಾರಿಗೇ ಬೇಕು. ಮನೆಯ ಬಳಕೆ ಸೇರಿ 200 ದಾಟಿತು ಅಂದರೆ ಸೊನ್ನೆ ಬಿಲ್ ಹೋಗಿ ಪೂರ್ತಿ ಬಿಲ್ಲೇ ಕಟ್ಟಬೇಕು. ಅದನ್ನು ಸೇರಿಸಿದರೂ ಕರೆಂಟೇ ಅಗ್ಗ. ನಾನು ಎರಡೆರಡು ಸಲ ಕೂಡಿ ನೋಡಿದ್ದೇನೆ.

ಹಾಗಾದರೆ ಬರೀ ಕರೆಂಟಿನ ಕಾರೇ ಆಗಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಶಿವಮೊಗ್ಗ ಪೇಟೆಯಲ್ಲಿ ಮನೆಯಿದ್ದರೆ ನಾನೂ ಅದನ್ನೇ ತಗೊಳ್ಳುತ್ತಿದ್ದೆ. ಆದರೆ ಅಜ್ಜಿಯ ಆ ರಾತ್ರಿ ಕರೆಂಟ್ ಹೋಗಿ ಎರಡು ದಿನವಾಗಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಅದು ವಿಶೇಷವೇ ಅಲ್ಲ. ಟ್ಯಾಂಕಿನಲ್ಲಿ ಇಪ್ಪತ್ತು ಲೀಟರ್ ಪೆಟ್ರೋಲ್ ಇದೆ ಅನ್ನುವ ಧೈರ್ಯ ಬೇರೆಯೇ.

ಈ ಧೈರ್ಯವೇ ಈ ಕಾರಿನ ದೊಡ್ಡ ಅಪಾಯ ಕೂಡ. ಯುರೋಪಿಯನ್ ಕಮಿಷನ್ 2024ರಲ್ಲಿ ಒಂದು ವರದಿ ಕೊಟ್ಟಿತು. 2021ರಲ್ಲಿ ನೋಂದಣಿಯಾದ ಕಾರುಗಳ ಒಳಗಿನ ಮೀಟರಿನ ಲೆಕ್ಕ ತೆಗೆದು ನೋಡಿದರೆ, ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಬಿಟ್ಟ ಇಂಗಾಲದ ಹೊಗೆ ಕಾಗದದಲ್ಲಿ ಬರೆದಿದ್ದಕ್ಕಿಂತ ಸರಾಸರಿ 3.5 ಪಟ್ಟು ಜಾಸ್ತಿ ಇತ್ತು. ಬಹಳ ಜನ ಅಂದುಕೊಂಡಷ್ಟು ಸಲ ಪ್ಲಗ್ ಹಾಕುವುದಿಲ್ಲ. ಕಂಪನಿ ಕಾರು, ಕಂಪನಿಯದೇ ಪೆಟ್ರೋಲ್ ಕಾರ್ಡ್. ಮನೆಯ ಕರೆಂಟ್ ಯಾಕೆ ಸುಡಬೇಕು ಅಂತ ಬಿಡುತ್ತಾರೆ. ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಹುಲ್ಲು ಹಾಕದ ದನ ಹಾಲು ಕೊಡುವುದಿಲ್ಲ. ಬ್ಯಾಟರಿ ತುಂಬದ ಪ್ಲಗ್-ಇನ್ ಅಂದರೆ ಸುಮ್ನೆ ಭಾರ ಹೊತ್ತ ಪೆಟ್ರೋಲ್ ಕಾರು.

ನಮ್ಮಲ್ಲಿ ಇಂಥ ಗಾಡಿ ಸಿಗುವುದಿಲ್ಲ. ಪ್ಲಗ್-ಇನ್ ಅಂತ ಬಂದಿದ್ದು ಹೆಚ್ಚಾಗಿ ವೋಲ್ವೊ ಎಕ್ಸ್‌ಸಿ90 ಟಿ8, ಬಿಎಂಡಬ್ಲ್ಯು ಎಕ್ಸ್‌ಎಂ ಥರದ ಕೋಟಿಯ ಆಸುಪಾಸಿನ, ಕೋಟಿ ದಾಟಿದ ಗಾಡಿಗಳು. ತೆರಿಗೆಯೂ ಹಾಗೇ ಇದೆ. ಬರೀ ಕರೆಂಟಿನ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್. 1.6 ಲೀಟರ್ ಎಂಜಿನ್ನಿನ, ನಾಲ್ಕು ಮೀಟರ್ ದಾಟಿದ ಇಂಥ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್ 22ರಿಂದ 40. ಪ್ಲಗ್ ಇದ್ದರೂ ಇಲ್ಲದಿದ್ದರೂ ಒಂದೇ ತಟ್ಟೆ. ದಿನಾ ಮನೆಯಲ್ಲಿ ಚಾರ್ಜ್ ಮಾಡಿ ಓಡಿಸುವವರಿಗೆ ನಡುವೆ ಎಲ್ಲೋ ಒಂದು ಜಾಗ ಇರಬೇಕಿತ್ತು. ಜೊತೆಗೆ ನಮ್ಮ ಮಣ್ಣು ರಸ್ತೆಗೆ ಗಾಡಿ ಇನ್ನೊಂದೆರಡು ಇಂಚು ಎತ್ತರವೂ ಬೇಕು. ಡಿಕ್ಕಿಯ ಅಂಚು ಮಾತ್ರ ಅಲ್ಲೇ ಕೆಳಗಿರಲಿ.

ಕಾರಿಲ್ಲದಿದ್ದರೂ ನಾನು ಒಂದು ಕೆಲಸ ಮಾಡಿಸಿದೆ. ದೀಪಾವಳಿಗೆ ಮುಂಚೆ ಎಲೆಕ್ಟ್ರಿಷಿಯನ್ ಬಂದಾಗ ಶೆಡ್ಡಿಗೆ ಬೇರೆ ಲೈನ್ ಎಳೆದು 16 ಆಂಪಿಯರಿನ ಸಾಕೆಟ್ ಹಾಕಲು ಹೇಳಿದೆ. ಅವರು ಮೊದಲು ಕೇಳಿದ್ದು ಅರ್ಥಿಂಗ್ ಬಗ್ಗೆ. "ನಿಮ್ಮ ಹಳೇ ಅರ್ಥಿಂಗ್ ನಂಬ್ಕೊಂಡು ಇದನ್ನ ಹಾಕಕ್ಕಾಗಲ್ಲ ಅಕ್ಕಾ." ನಿಜ. ಚಾರ್ಜಿಂಗ್ ಕೇಬಲ್ಲಿನ ಡಬ್ಬಿ ಮೊದಲು ಅರ್ಥ್ ನೋಡುತ್ತದೆ, ಸರಿಯಿಲ್ಲದಿದ್ದರೆ ಕರೆಂಟನ್ನೇ ಬಿಡುವುದಿಲ್ಲ. ನಮ್ಮದು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ತೊಂದರೆಯಿಲ್ಲ, ಏಪ್ರಿಲ್ ಹೊತ್ತಿಗೆ ಒಣಗಿ ಕಲ್ಲಾಗುತ್ತದೆ, ಅರ್ಥ್ ಹಿಡಿಯುವುದಿಲ್ಲ. ಶೆಡ್ಡಿನ ಹಿಂದೆ ಆರು ಅಡಿ ಗುಂಡಿ ತೋಡಿಸಿದೆವು. ಗುದ್ದಲಿ ಎರಡಡಿಗೇ ನಿಂತಿತು, ಆಮೇಲೆ ಹಾರೆಯೇ. ಜಿಐ ಪೈಪ್ ನಿಲ್ಲಿಸಿ, ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು. ಅಪ್ಪಯ್ಯ ಮೇಲಿಂದ ಕೊಡ ಕೊಡ ನೀರು ಹೊಯ್ದರು. ಕೆಂಪು ಮಣ್ಣು ಬುಳು ಬುಳು ಅಂತ ನೀರು ಕುಡಿಯಿತು.

"ಕಾರು ಯಾವಾಗ ಬರುತ್ತೆ?" ಅಂತ ಅಪ್ಪಯ್ಯ ಕೇಳಿದರು. ಗೊತ್ತಿಲ್ಲ ಅಪ್ಪಯ್ಯ ಅಂದೆ. ಅವರು ಕೊಡ ಕೆಳಗಿಟ್ಟು ತೋಟಕ್ಕೆ ಹೋದರು. ಸಂಜೆ ನೋಡಿದರೆ ಬ್ಯಾಟರಿ ಸ್ಪ್ರೇಯರ್ ತಂದು ಹೊಸ ಸಾಕೆಟ್ಟಿಗೆ ಹಾಕಿದ್ದರು. ಕತ್ತಲಾದ ಶೆಡ್ಡಿನಲ್ಲಿ ಅದರ ಚಾರ್ಜರಿನ ಕೆಂಪು ದೀಪ ಹತ್ತಿತ್ತು. ಹಸಿರಾಗುವವರೆಗೆ ಎರಡು ಸಲ ಎದ್ದು ಹೋಗಿ ನೋಡಿ ಬಂದರು.